ಬೇದಾಣೆಯ ದಾರಿ: ಒಣಗಿಸುವ ವಿದ್ಯೆಯ ಒಂದು ಚರಿತ್ರೆ

ಇರಾಕಿನ ದಕ್ಷಿಣಕ್ಕೆ, ಯೂಫ್ರೆಟಿಸ್ ನದಿ ಹಿಂದೊಮ್ಮೆ ಹರಿಯುತ್ತಿದ್ದ ಜಾಗದಲ್ಲಿ, ಊರ್ ಎಂಬ ಊರೊಂದಿತ್ತು. ಬ್ರಿಟಿಷ್ ಪುರಾತತ್ವ ವಿದ್ವಾಂಸ ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಅಲ್ಲಿ ಉತ್ಖನನ ನಡೆಸಿದರು. ಅವರಿಗೆ ಸಿಕ್ಕ ರಾಜಗೋರಿಗಳಲ್ಲಿ ಪುಆಬಿ ಎಂಬ ರಾಣಿಯ ಗೋರಿಯೂ ಒಂದು. ಚಿನ್ನದ ಎಲೆಗಳ ಶಿರೋಭೂಷಣ, ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳಿಂದ ಬಂದ ಲಾಜವರ್ದದ ನೀಲಿ ಮಣಿಗಳು, ತಂತಿವಾದ್ಯಗಳು ಇವೆಲ್ಲ ಅಂದಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದವು. ಅಷ್ಟಾಗಿ ಸುದ್ದಿಯಾಗದ ಒಂದು ವಸ್ತುವೂ ಅಲ್ಲಿತ್ತು. ಪುಟ್ಟ ಸೇಬುಗಳನ್ನು ಅಡ್ಡಲಾಗಿ ಕೊಯ್ದು, ದಾರಕ್ಕೆ ಪೋಣಿಸಿ, ಒಣಗಿಸಿ, ತಟ್ಟೆಯಲ್ಲಿ ಇಟ್ಟಿದ್ದರು. ಸುಮಾರು 4500 ವರ್ಷ ಮಣ್ಣಿನೊಳಗಿದ್ದೂ ಅವು ಸೇಬುಗಳೆಂದು ಗುರುತು ಹಿಡಿಯುವಂತಿದ್ದವು.

ರಾಣಿಯ ಹೆಸರು ಅವಳ ಮುದ್ರೆಯ ಮೇಲೆ ಕೆತ್ತಿತ್ತು. ಸೇಬು ಕೊಯ್ದು ಪೋಣಿಸಿದವರ ಹೆಸರು ಎಲ್ಲಿಯೂ ಇಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಅಡುಗೆಮನೆಯ ವಿದ್ಯೆಗೆ ಶಾಸನ ಹಾಕಿಸಿದ ಅರಸರನ್ನು ನಾವು ಕಂಡಿಲ್ಲ. ಆದರೆ ಇತ್ತೀಚೆಗೆ ನಮ್ಮ ನಗರಗಳ ಅಡುಗೆಮನೆಗಳಿಗೆ ‘ಫುಡ್ ಡಿಹೈಡ್ರೇಟರ್’ ಎಂಬ ಪೆಟ್ಟಿಗೆ ಬರತೊಡಗಿದ ಮೇಲೆ, ಅದನ್ನು ಮಾರುವವರು ಇದೇನೋ ನಿನ್ನೆ ಹುಟ್ಟಿದ ಪವಾಡ ಎಂಬಂತೆ ಮಾತಾಡುವುದನ್ನು ಕೇಳಿದಾಗ, ಈ ಪೆಟ್ಟಿಗೆಯ ವಂಶಾವಳಿಯನ್ನು ಒಮ್ಮೆ ಬಿಡಿಸಿ ನೋಡಬೇಕು ಅನ್ನಿಸಿತು. ಪೆಟ್ಟಿಗೆಯಲ್ಲಿ ಇರುವುದಾದರೂ ಇಷ್ಟೇ: ಬಿಸಿ ಮಾಡುವ ಒಂದು ಸುರುಳಿ, ಒಂದು ಸಣ್ಣ ಫ್ಯಾನು, ಜಾಲರಿಯ ಐದಾರು ತಟ್ಟೆಗಳು. ಬಿಸಿಲು, ಗಾಳಿ, ಚಾಪೆ ಈ ಮೂರನ್ನೂ ಒಂದು ಡಬ್ಬಿಯೊಳಗೆ ಕೂಡಿಹಾಕಿದ ಹಾಗೆ.

ನೀರಿನಂಶ ಹೋಗುವ ಕ್ರಿಯೆಗೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ! ಹೂವು ಬಾಡುತ್ತದೆ, ಕೆರೆ ಬತ್ತುತ್ತದೆ, ಬಟ್ಟೆ ಆರುತ್ತದೆ, ಸೌದೆ ಒಣಗುತ್ತದೆ, ಮುಖ ಸೊರಗುತ್ತದೆ. ಈ ವ್ಯತ್ಯಾಸಗಳು ಬರೀ ಮಾತಿನವಲ್ಲ. ಬಾಡಿದ ಬದನೆ ಎರಡು ದಿನಕ್ಕೆ ಕೊಳೆಯುತ್ತದೆ, ಒಣಗಿದ ಬದನೆ ವರ್ಷ ಉಳಿಯುತ್ತದೆ. ಆಹಾರ ಕೆಡಿಸುವ ಸೂಕ್ಷ್ಮಜೀವಿಗಳಿಗೂ ಕುಡಿಯಲು ನೀರು ಬೇಕು. ಪದಾರ್ಥದಲ್ಲಿ ಒಟ್ಟು ಎಷ್ಟು ನೀರಿದೆ ಎನ್ನುವುದಕ್ಕಿಂತ, ಈ ಜೀವಿಗಳ ಕೈಗೆ ಸಿಗುವಂತೆ ಬಿಡಿಯಾಗಿ ಎಷ್ಟಿದೆ ಎನ್ನುವುದು ಮುಖ್ಯ. ವಿಜ್ಞಾನಿಗಳು ಇದನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರು 1. ಬಹುಪಾಲು ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯಲಾರವು. ಬೂಷ್ಟು ಅದಕ್ಕಿಂತ ಹಟಮಾರಿ. 0.6ಕ್ಕಿಂತ ಕೆಳಗಿಳಿದರೆ ಯಾವುದೂ ಬೆಳೆಯದು. ಉಪ್ಪು ಮತ್ತು ಬೆಲ್ಲ ಮಾಡುವುದೂ ಇದೇ ಕೆಲಸವನ್ನೇ, ಬಿಡಿ ನೀರನ್ನು ಕಟ್ಟಿಹಾಕುವುದು. ಆದ್ದರಿಂದಲೇ ನಮ್ಮ ಅಜ್ಜಿಯರು ಮೆಣಸಿನಕಾಯಿಯನ್ನು ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗೆ ಹಾಕಿ ಬಾಳಕ ಮಾಡುತ್ತಿದ್ದರು. ಅಳತೆಯ ಅಂಕಿ ಅವರಿಗೆ ತಿಳಿದಿರಲಿಲ್ಲ. ಮುರಿದರೆ ‘ಟಕ್’ ಎನ್ನಬೇಕು ಎಂಬುದು ತಿಳಿದಿತ್ತು.

ನಮ್ಮ ನಾಡಿನಲ್ಲಿ ಈ ವಿದ್ಯೆಯ ಪಾಠಶಾಲೆ ಎಂದರೆ ಮಾಳಿಗೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗಳ ಮೇಲೆ ಸಂಡಿಗೆ, ಶಾವಿಗೆ, ಹಪ್ಪಳ, ಮೆಣಸಿನಕಾಯಿಗಳ ಸಾಮ್ರಾಜ್ಯ. ಮಲೆನಾಡು ಕರಾವಳಿಗಳಲ್ಲಿ ಹಲಸಿನ ಹಪ್ಪಳ, ಚಾಪೆಯ ಮೇಲೆ ಪದರ ಪದರವಾಗಿ ಸವರಿದ ಮಾವಿನ ಹಣ್ಣಿನ ಹಪ್ಪಳ, ಪುನರ್ಪುಳಿಯ ಸಿಪ್ಪೆ. ಉತ್ತರ ಕನ್ನಡದಲ್ಲಿ ಬಾಳೆಹಣ್ಣನ್ನು ಒಣಗಿಸಿದ ಸುಕೇಳಿ. ಬಯಲುಸೀಮೆಯಲ್ಲಿ ಬೋರೆಹಣ್ಣು, ಮೈಸೂರು ಕಡೆಯವರು ಎಲಚಿ ಎನ್ನುವುದೂ, ಉರ್ದುವಿನಲ್ಲಿ ಬೇರ್ ಎನ್ನುವುದೂ ಇದನ್ನೇ. ಒಣಗಿಸಿ, ಉಪ್ಪು ಖಾರ ಬೆಲ್ಲ ಹಾಕಿ ಕುಟ್ಟಿ, ತಟ್ಟಿ ಮತ್ತೆ ಒಣಗಿಸಿದ ಅದರ ಬಿಲ್ಲೆಗಳನ್ನು ಶಾಲೆಯ ಗೇಟಿನ ಎದುರು ಕೊಂಡು ತಿಂದ ಓದುಗರು ಈಗಲೂ ಬಾಯಲ್ಲಿ ನೀರೂರಿಸಿಕೊಳ್ಳಬಹುದು. ಬಕ್ರೀದಿನ ನಂತರ ನಮ್ಮ ಅಂಗಳಗಳಲ್ಲಿ ಅರಿಸಿನ ಉಪ್ಪು ಸವರಿದ ಮಾಂಸದ ಪಟ್ಟಿಗಳು ಹಗ್ಗದ ಮೇಲೆ ತೂಗಾಡುತ್ತಿದ್ದವು. ಕಾಗೆ ಓಡಿಸುವ ಕೆಲಸ ಮಕ್ಕಳದು.

ಮಾಳಿಗೆಯೆಂದರೆ ಹೆಂಗಸರ ಲೋಕವೂ ಹೌದು. ಬುರ್ಖಾ ಇಲ್ಲದೆ, ಗಂಡಸರ ಕಣ್ಣಿಲ್ಲದೆ, ಪಕ್ಕದ ಮಾಳಿಗೆಯ ಲಿಂಗಾಯತರ ಮನೆಯ ಅಕ್ಕನೊಂದಿಗೆ ಮಾತಾಡುತ್ತ ಸಂಡಿಗೆ ಇಡಬಹುದಾಗಿದ್ದ ಜಾಗ ಅದು. ಯಾರ ಹಿಟ್ಟು ಎಷ್ಟು ಹದಕ್ಕೆ ಬಂದಿದೆ, ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂದಿದೆ, ಎರಡೂ ಸುದ್ದಿ ಗೋಡೆಯ ಮೇಲಿಂದಲೇ ದಾಟುತ್ತಿದ್ದವು. ಇದು ಬರೀ ಹರಟೆಯ ಜಾಗವೂ ಅಲ್ಲ. 1959ರಲ್ಲಿ ಮುಂಬೈಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತೆಗೆದು ಲಿಜ್ಜತ್ ಹಪ್ಪಳದ ಉದ್ಯಮ ಶುರುಮಾಡಿದ್ದು ಒಂದು ಕಟ್ಟಡದ ತಾರಸಿಯ ಮೇಲೆಯೇ. ಬಿಸಿಲಿಗೆ ಬಾಡಿಗೆ ಕೊಡಬೇಕಾಗಿರಲಿಲ್ಲ.

ನಮ್ಮಲ್ಲಿ ಒಣಗಿಸುವುದು ಹೆಚ್ಚಾಗಿ ರುಚಿಗೆ. ಹಿಮ ಬೀಳುವ ನಾಡುಗಳಲ್ಲಿ ಅದು ಜೀವಕ್ಕೆ. ಕಾಶ್ಮೀರದಲ್ಲಿ ಬೇಸಿಗೆ ಮುಗಿಯುವ ಮುನ್ನ ಬದನೆ, ಸೋರೆಕಾಯಿ, ಟೊಮ್ಯಾಟೊಗಳನ್ನು ಸೀಳಿ ಹಾರ ಮಾಡಿ ಕಿಟಕಿ ಗೋಡೆಗಳಿಗೆ ತೂಗುಹಾಕುತ್ತಾರೆ. ‘ಹೋಖ್ ಸ್ಯೂನ್’ ಎಂದು ಇದಕ್ಕೆ ಹೆಸರು, ಒಣ ತರಕಾರಿ ಎಂದು ಅರ್ಥ. ಚಳಿಗಾಲದಲ್ಲಿ ಜಮ್ಮು-ಶ್ರೀನಗರ ಹೆದ್ದಾರಿ ಹಿಮಕ್ಕೆ ಮುಚ್ಚಿ ಬಯಲಿನ ತರಕಾರಿ ಲಾರಿಗಳು ನಿಂತುಹೋದಾಗ ಆ ಹಾರಗಳೇ ಗತಿ. ಲಡಾಖಿನಲ್ಲಿ ಖುಬಾನಿ, ಅಂದರೆ ಜರ್ದಾಳು, ಮನೆಯ ಚಪ್ಪಟೆ ಛಾವಣಿಗಳ ಮೇಲೆ ಕಿತ್ತಳೆ ಬಣ್ಣದ ಜಮಖಾನೆಯಂತೆ ಹರಡಿಕೊಳ್ಳುತ್ತದೆ. ಅಲ್ಲಿನ ಬಿಸಿಲು ತೀಕ್ಷ್ಣ, ಗಾಳಿಯಲ್ಲಿ ಪಸೆಯಿಲ್ಲ. ಪ್ರಕೃತಿಯೇ ಒಂದು ಡಿಹೈಡ್ರೇಟರ್.

ಈ ಒಣ ನಾಡುಗಳಿಂದಲೇ ನಮ್ಮ ಕಡೆಗೆ ಮೇವಾ ಬಂದದ್ದು. ಉರ್ದು, ಫಾರಸಿಗಳಲ್ಲಿ ಮೇವಾ ಎಂದರೆ ಹಣ್ಣು. ನಮ್ಮ ಬಳಕೆಯಲ್ಲಿ ಅದು ಒಣಹಣ್ಣೇ ಆಗಿಬಿಟ್ಟಿತು. ಹಸಿಹಣ್ಣು ಹಿಂದೂಕುಶ್ ದಾಟಿ ಬರುವಷ್ಟರಲ್ಲಿ ಏನಾಗುತ್ತಿತ್ತೆಂದು ಊಹಿಸಿದರೆ ಈ ಅರ್ಥಪಲ್ಲಟದ ಕಾರಣ ತಿಳಿಯುತ್ತದೆ. ಈದಿನ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಕುದಿಯುವ ಶೀರ್ ಖುರ್ಮಾದ ಹೆಸರನ್ನೇ ನೋಡಿ: ಶೀರ್ ಅಂದರೆ ಹಾಲು, ಖುರ್ಮಾ ಅಂದರೆ ಖರ್ಜೂರ. ಅದಕ್ಕೆ ಬೀಳುವುದು ಹಸಿ ಖರ್ಜೂರವಲ್ಲ, ಕಲ್ಲಿನಂಥ ಉತ್ತತ್ತಿ. ರಾತ್ರಿಯೆಲ್ಲ ನೆನೆಸಿ ಸೀಳಿ ಹಾಕಬೇಕು.

1333ರ ಸುಮಾರಿಗೆ ಖ್ವಾರಿಜ್ಮ್ ಮೂಲಕ ಹಾದು ಬಂದ ಇಬ್ನ್ ಬತೂತಾ ಅಲ್ಲಿನ ಕಲ್ಲಂಗಡಿ ಜಾತಿಯ ಖರ್ಬೂಜದ ಬಗ್ಗೆ ಬರೆದಿದ್ದಾನೆ. ಹಣ್ಣನ್ನು ಉದ್ದ ಪಟ್ಟಿಗಳಾಗಿ ಕೊಯ್ದು, ಬಿಸಿಲಲ್ಲಿ ಒಣಗಿಸಿ, ಜೊಂಡಿನ ಬುಟ್ಟಿಗಳಲ್ಲಿ ತುಂಬಿ ಹಿಂದೂಸ್ತಾನ, ಚೀನಾಗಳ ದೂರದ ಊರುಗಳಿಗೂ ಕಳಿಸುತ್ತಿದ್ದರಂತೆ. ಒಣಹಣ್ಣುಗಳಲ್ಲಿ ಇದನ್ನು ಮೀರಿಸಿದ್ದು ಇಲ್ಲ ಎಂಬುದು ಅವನ ತೀರ್ಪು. ಮುಂದೆ ದಿಲ್ಲಿಯಲ್ಲಿ ಕಾಜಿಯಾಗಿದ್ದಾಗ, ಆ ಕಡೆಯಿಂದ ಪ್ರಯಾಣಿಕರು ಬಂದರೆಂದು ತಿಳಿದೊಡನೆ ಆಳು ಕಳಿಸಿ ಈ ಪಟ್ಟಿಗಳನ್ನು ಕೊಂಡುಕೊಳ್ಳುತ್ತಿದ್ದನು. ಅವನ ಈ ಚಪಲ ಸುಲ್ತಾನ ಮುಹಮ್ಮದ್ ಬಿನ್ ತುಘಲಕನಿಗೂ ಗೊತ್ತಿತ್ತು. ತನಗೆ ಕಾಣಿಕೆಯಾಗಿ ಬಂದ ಒಣ ಖರ್ಬೂಜವನ್ನು ಸುಲ್ತಾನ ಇವನಿಗೆ ಕಳಿಸಿಕೊಡುತ್ತಿದ್ದನು. ರಾಜಧಾನಿಯನ್ನು ದೌಲತಾಬಾದಿಗೆ ಕಿತ್ತುಕೊಂಡು ಹೋದವನೆಂದು ಶಾಲೆಯ ಪುಸ್ತಕಗಳಲ್ಲಿ ನಾವು ಓದಿದ ತುಘಲಕನ ಬದುಕಿನಲ್ಲಿ ಇಂಥ ಒಂದು ಸಣ್ಣ ಸೌಜನ್ಯವೂ ಇತ್ತು. ಅದೇ ದೌಲತಾಬಾದಿನಲ್ಲಿ ದ್ರಾಕ್ಷಿ, ದಾಳಿಂಬೆಗಳು ವರ್ಷಕ್ಕೆ ಎರಡು ಫಸಲು ಕೊಡುತ್ತವೆಂದೂ ಇಬ್ನ್ ಬತೂತಾ ದಾಖಲಿಸಿದ್ದಾನೆ. ದಖ್ಖನಿನ ದ್ರಾಕ್ಷಿಗೆ ಹೀಗೆ ಸುಮಾರು 700 ವರ್ಷ ಹಳೆಯ ಸಾಕ್ಷಿಯಿದೆ.

ಬಾಬರನಿಗಂತೂ ಹಣ್ಣಿನ ನೆನಪೇ ತವರಿನ ನೆನಪು. ತನ್ನ ಆತ್ಮಕಥೆಯಲ್ಲಿ ಫರ್ಗಾನಾದ ಮರ್ಗಿನಾನ್ ಊರಿನ ಬಗ್ಗೆ ಬರೆಯುವಾಗ ಅಲ್ಲಿನ ಖುಬಾನಿಯ ವಿಧಾನವನ್ನು ವಿವರಿಸುತ್ತಾನೆ. ಬೀಜ ತೆಗೆದು, ಆ ಜಾಗಕ್ಕೆ ಬಾದಾಮಿಯ ಚೂರು ತುಂಬಿ, ಒಣಗಿಸುತ್ತಿದ್ದರು; ‘ಸುಬ್ಹಾನಿ’ ಎಂದು ಕರೆಯುತ್ತಿದ್ದರು. ಹಿಂದೂಸ್ತಾನದಲ್ಲಿ ಒಳ್ಳೆಯ ದ್ರಾಕ್ಷಿಯಿಲ್ಲ, ಖರ್ಬೂಜವಿಲ್ಲ ಎಂದು ಗೊಣಗಿದವನೂ, ಕಾಬೂಲಿನ ಕಡೆಯ ಒಂದು ಖರ್ಬೂಜ ಕೊಯ್ದು ತಿನ್ನುವಾಗ ಅತ್ತೆನೆಂದು ಸಂಕೋಚವಿಲ್ಲದೆ ಬರೆದವನೂ ಅವನೇ. ಕೊನೆಗೆ ಆಗ್ರಾದ ತೋಟದಲ್ಲಿ ದ್ರಾಕ್ಷಿ, ಖರ್ಬೂಜಗಳನ್ನು ನೆಡಿಸಿ ಫಲ ಕಂಡು ಖುಷಿಪಟ್ಟನು. ಮೊಮ್ಮಗ ಅಕ್ಬರನ ಕಾಲಕ್ಕೆ ಬಂದರೆ ಅಬುಲ್ ಫಜಲ್‌ನ ಐನ್-ಇ-ಅಕ್ಬರಿಯಲ್ಲಿ ಒಣದ್ರಾಕ್ಷಿ, ಖುಬಾನಿ, ಅಂಜೂರಗಳ ಬೆಲೆಪಟ್ಟಿಯೇ ಇದೆ.

ಒಣದ್ರಾಕ್ಷಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಒಣಗಿಸುವ ವಿದ್ಯೆಯ ಎಲ್ಲ ಸೂಕ್ಷ್ಮಗಳೂ ಅದರಲ್ಲಿವೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳ್ಳನೆಯ ಮೇಣದ ಪದರವಿದೆ. ಒಳಗಿನ ನೀರು ಹೊರಬರದಂತೆ ಅದು ಕಾಯುತ್ತದೆ. ಹಾಗೇ ಬಿಸಿಲಿಗೆ ಹಾಕಿದರೆ ವಾರಗಟ್ಟಲೆ ಬೇಕು, ಬಣ್ಣವೂ ಕಪ್ಪಾಗುತ್ತದೆ. ಈ ಕಾವಲನ್ನು ಸಡಿಲಿಸುವುದು ಹೇಗೆ? ಮೊದಲ ಶತಮಾನದ ರೋಮನ್ ಲೇಖಕ ಕೊಲುಮೆಲ್ಲಾ ತನ್ನ ಕೃಷಿಗ್ರಂಥದಲ್ಲಿ ಉತ್ತರ ಕೊಟ್ಟಿದ್ದಾನೆ: ಬೂದಿಯ ತಿಳಿನೀರನ್ನು ಕುದಿಸಿ, ಒಳ್ಳೆಯ ಆಲಿವ್ ಎಣ್ಣೆ ಸ್ವಲ್ಪ ಬೆರೆಸಿ, ಗೊಂಚಲುಗಳನ್ನು ಅದ್ದಿ ತೆಗೆದು, ಒಂದಕ್ಕೊಂದು ತಾಗದಂತೆ ಹರಡು. ಅಫ್ಘಾನಿಸ್ತಾನದಲ್ಲಿ ‘ಆಬ್‌ಜೋಶ್’ ಎಂಬ ಒಣದ್ರಾಕ್ಷಿಯ ಬಗೆಯೊಂದಿದೆ. ಆಬ್ ಎಂದರೆ ನೀರು, ಜೋಶ್ ಎಂದರೆ ಕುದಿ. ಅದೇ ಉಪಾಯ.

ಈಗ ನಮ್ಮ ವಿಜಯಪುರಕ್ಕೆ ಬನ್ನಿ. ಜಿಲ್ಲೆಯ ತಿಕೋಟಾ ಕಡೆಯ ತೋಟಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ದ ದ್ರಾಕ್ಷಿಯನ್ನು ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು 15 ಮಿಲಿಲೀಟರ್ ‘ಡಿಪ್ಪಿಂಗ್ ಎಣ್ಣೆ’ ಬೆರೆಸಿದ ದ್ರಾವಣದಲ್ಲಿ ಎರಡು ಮೂರು ನಿಮಿಷ ಅದ್ದುತ್ತಾರೆ. ಆಮೇಲೆ ನೆರಳು ಪರದೆಯ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ನೈಲಾನ್ ಬಲೆಗಳ ಮೇಲೆ ಹರಡುತ್ತಾರೆ. 12ರಿಂದ 15 ದಿನಗಳಲ್ಲಿ ಒಣಗುತ್ತದೆ. ನಾಲ್ಕು ಕಿಲೋ ಹಸಿಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಪೊಟ್ಯಾಶಿಯಂ ಕಾರ್ಬೊನೇಟ್ ಎಂದರೆ ಬೂದಿಯ ಸಾರವೇ ತಾನೆ? ಎರಡು ಸಾವಿರ ವರ್ಷಗಳ ಹಿಂದಿನ ರೋಮನ್ನನ ಪಾಕವನ್ನು ನಮ್ಮ ರೈತ ಚೀಲದ ಮೇಲಿನ ಸೂಚನೆ ಓದಿಕೊಂಡು ಮಾಡುತ್ತಿದ್ದಾನೆ. ಅವನು ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಎಂಬ ತಳಿಯ ಹೆಸರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿದ್ದದ್ದು. ಆದರೆ ಆ ತಳಿ ಪಶ್ಚಿಮ ಏಷ್ಯಾದವರು ಕಿಶ್ಮಿಶ್ ಎಂದೂ ಸುಲ್ತಾನಾ ಎಂದೂ ಕರೆಯುತ್ತ ಬಂದ ಹಳೆಯ ಬೀಜವಿಲ್ಲದ ದ್ರಾಕ್ಷಿಯೇ. ವಿಜಯಪುರದ ಪೇಟೆಯಲ್ಲಿ ಒಣದ್ರಾಕ್ಷಿಗೆ ಬೇದಾಣೆ ಎನ್ನುತ್ತಾರೆ. ಬೇ-ದಾನಾ, ಬೀಜವಿಲ್ಲದ್ದು. ಹಣ್ಣು ಕ್ಯಾಲಿಫೋರ್ನಿಯಾದ ಹೆಸರು ಹೊತ್ತಿದ್ದರೂ ನಮ್ಮ ಬಾಯಲ್ಲಿ ಉಳಿದದ್ದು ಫಾರಸಿಯ ಹೆಸರು.

ವಿಜಯಪುರದ ಶೆಡ್ಡಿಗೆ ಒಬ್ಬ ಹಿರಿಯಣ್ಣನಿದ್ದಾನೆ, ಅಫ್ಘಾನಿಸ್ತಾನದ ಕಿಶ್ಮಿಶ್ ಖಾನಾ. ದಪ್ಪ ಮಣ್ಣಿನ ಗೋಡೆಗಳ ಎತ್ತರದ ಮನೆ. ಗೋಡೆಯ ತುಂಬ ಗಾಳಿ ಆಡಲು ಸೀಳು ಕಿಂಡಿಗಳು. ಒಳಗೆ ಕಟ್ಟಿಗೆಯ ತೊಲೆಗಳಿಂದ ಇಳಿಬಿದ್ದ ಗೊಂಚಲುಗಳು. ಬಿಸಿಲು ತಾಗದ್ದರಿಂದ ಹಣ್ಣಿನ ಹಸಿರು ಉಳಿಯುತ್ತದೆ. ಚೀನಾದ ತುರ್ಫಾನಿನಲ್ಲಿ ಉಯ್ಗುರ್ ರೈತರು ಕಟ್ಟುವ ಜಾಲಂದರದ ಇಟ್ಟಿಗೆ ಮನೆಗಳೂ ಇದೇ ಕುಲದವು. ತಿಂಗಳುಗಟ್ಟಲೆ ಬೀಸುವ ಬಿಸಿ ಒಣಗಾಳಿಯೇ ಅಲ್ಲಿ ಫ್ಯಾನು.

ಈ ಮೇವಾವನ್ನು ಹೊತ್ತು ತಂದವರು ಪೊವಿಂದಾ ಎಂಬ ಅಲೆಮಾರಿ ವ್ಯಾಪಾರಿಗಳು. ಶರತ್ಕಾಲದಲ್ಲಿ ಒಂಟೆಗಳ ಮೇಲೆ ಗೋಮಲ್ ಕಣಿವೆ ಇಳಿದು, ಸಿಂಧೂ ನದಿಯ ಬಯಲಿನಲ್ಲಿ ಹೆಂಡಿರು ಮಕ್ಕಳನ್ನೂ ಒಂಟೆಗಳನ್ನೂ ಬಿಟ್ಟು, ಬಂಗಾಳದವರೆಗೂ ಹೋಗಿ ಮಾರಿ, ವಸಂತಕ್ಕೆ ಮರಳುತ್ತಿದ್ದರು. ರೈಲು ಬಂದ ಮೇಲೆ ಗೋಣಿಚೀಲದೊಂದಿಗೆ ರೈಲು ಹತ್ತಿದರು. 1892ರಲ್ಲಿ ರವೀಂದ್ರನಾಥ ಟ್ಯಾಗೋರರು ಬರೆದ ‘ಕಾಬೂಲಿವಾಲಾ’ ಕಥೆಯ ರಹಮತ್ ಈ ಜೋಳಿಗೆಯವರಲ್ಲಿ ಒಬ್ಬ. ಕಥೆ ಬರೆಯುವ ನಮ್ಮಂಥವರಿಗೆ ಆ ಕಥೆಯಲ್ಲಿ ಕಾಣುವುದು ಬರೀ ತಂದೆಯ ಮಮತೆಯಲ್ಲ. ಒಣದ್ರಾಕ್ಷಿ ಬಾದಾಮಿಗಳ ವ್ಯಾಪಾರವೇ ಇಲ್ಲದಿದ್ದರೆ ಆ ಇಬ್ಬರು ತಂದೆಯರು ಒಬ್ಬರನ್ನೊಬ್ಬರು ಭೇಟಿಯಾಗುತ್ತಲೇ ಇರಲಿಲ್ಲ.

1947ರಲ್ಲಿ ಆ ದಾರಿಗೆ ಅಡ್ಡಲಾಗಿ ಗಡಿ ಬಿತ್ತು. ಆದರೂ ವ್ಯಾಪಾರ ಸಾಯಲಿಲ್ಲ. 1970ರ ದಶಕದಲ್ಲಿ ಜಗತ್ತಿನ ಒಣದ್ರಾಕ್ಷಿ ಮಾರುಕಟ್ಟೆಯಲ್ಲಿ ಅಫ್ಘಾನಿಸ್ತಾನಕ್ಕೆ ದೊಡ್ಡ ಸ್ಥಾನವಿತ್ತು. 1979ರಲ್ಲಿ ಸೋವಿಯತ್ ಸೇನೆ ಬಂದಿತು, ಆನಂತರ ಅಂತರ್ಯುದ್ಧ. 1999ರಲ್ಲಿ ತಾಲಿಬಾನ್ ಕಾಬೂಲಿನ ಉತ್ತರದ ಶೋಮಾಲಿ ಬಯಲಿನ ದ್ರಾಕ್ಷಿತೋಟಗಳನ್ನು ಸುಟ್ಟು, ಜನರನ್ನು ಓಡಿಸಿತು. ಮುಂದೆ ಅಮೆರಿಕದ ಸೇನೆ ಕಂದಾಹಾರಿಗೆ ಬಂದಾಗ ಜರಿ, ಪಂಜ್‌ವಾಯಿ ಪ್ರದೇಶಗಳಲ್ಲಿ ಕಿಶ್ಮಿಶ್ ಖಾನಾಗಳೇ ಕೋಟೆಗಳಾದವು. ಬಿಸಿಲಿಗೆ ಕಲ್ಲಿನಂತಾದ ದಪ್ಪ ಗೋಡೆ ಗುಂಡಿಗೆ ಜಗ್ಗುತ್ತಿರಲಿಲ್ಲ. ಗಾಳಿಗೆಂದು ಬಿಟ್ಟ ಕಿಂಡಿಗಳಲ್ಲಿ ತಾಲಿಬಾನಿಗಳು ಬಂದೂಕು ಇಟ್ಟರು. ವಿದೇಶಿ ಪಡೆಗಳು ಅಂಥ ಮನೆಗಳನ್ನು ಸ್ಫೋಟಕ ಇಟ್ಟು ಉರುಳಿಸಿದವು. 2010ರಲ್ಲಿ ಅಲ್ಲಿ ಉರುಳಿದವು ಬಹಳ. ಹಣ್ಣಿನ ಬಣ್ಣ ಕೆಡಬಾರದೆಂದು ಅಜ್ಜ ಮುತ್ತಜ್ಜರು ಕಟ್ಟಿದ ಮನೆಯನ್ನು ಕಳೆದುಕೊಂಡ ರೈತನಿಗೆ ಎರಡೂ ಕಡೆಯವರು ಶತ್ರುಗಳೇ. ಪರಿಹಾರದ ಹಣ ಬಂದರೂ ಗೋಡೆ ಏಳುವ ತನಕ ದ್ರಾಕ್ಷಿ ಬಳ್ಳಿಯಲ್ಲಿ ಕಾಯುವುದಿಲ್ಲ. ಯುದ್ಧದ ನಷ್ಟವನ್ನು ಲೆಕ್ಕಹಾಕುವವರು ಸೇತುವೆ, ಆಸ್ಪತ್ರೆ, ಶಾಲೆಗಳನ್ನು ಎಣಿಸುತ್ತಾರೆ. ಒಣಗಿಸುವ ಮನೆ ಆ ಪಟ್ಟಿಯಲ್ಲಿ ಬರುವುದು ಅಪರೂಪ.

2021ರ ಆಗಸ್ಟಿನಲ್ಲಿ ಕಾಬೂಲ್ ಮತ್ತೆ ತಾಲಿಬಾನಿನ ಕೈಗೆ ಹೋದಾಗ ನಮ್ಮ ಮಾರುಕಟ್ಟೆಗಳಲ್ಲಿ ಮೇವಾದ ಬೆಲೆ ಏರಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ಯಾಕಾಂಡದ ನಂತರ ಅಟ್ಟಾರಿ ಗಡಿ ಮುಚ್ಚಿತು. ಮೇ ತಿಂಗಳಲ್ಲಿ ಒಣಹಣ್ಣು ಹೊತ್ತು ದಾರಿಯಲ್ಲಿ ಸಿಲುಕಿದ್ದ 160 ಅಫ್ಘಾನ್ ಲಾರಿಗಳಿಗೆ ಭಾರತ ವಿಶೇಷ ಅನುಮತಿ ನೀಡಬೇಕಾಯಿತು. ರಂಜಾನ್, ದೀಪಾವಳಿಗಳಿಗೆ ನಾವು ಕೊಳ್ಳುವ ಒಂದು ಮುಷ್ಟಿ ಅಂಜೂರದ ಹಿಂದೆ ಇಷ್ಟೆಲ್ಲ ಇರುತ್ತದೆ.

ಇನ್ನು ಯಂತ್ರದ ಕಡೆಗೆ ಬರೋಣ. ಯಂತ್ರ ಹುಟ್ಟಿದ್ದು ಅಡುಗೆಮನೆಗಾಗಿ ಅಲ್ಲ, ಸೈನ್ಯಕ್ಕಾಗಿ. 1850ರಲ್ಲಿ ಪ್ಯಾರಿಸಿನ ತೋಟಗಾರ ಎತಿಯೆನ್ ಮಾಸೋನ್ ತರಕಾರಿಗಳನ್ನು ಬಿಸಿಗಾಳಿಯಲ್ಲಿ ಒಣಗಿಸಿ, ಯಂತ್ರದಿಂದ ಒತ್ತಿ ಬಿಲ್ಲೆ ಮಾಡುವ ವಿಧಾನ ಕಂಡುಹಿಡಿದನು. ಫ್ರೆಂಚರು ಅದನ್ನು ಕ್ರಿಮಿಯಾ ಯುದ್ಧಕ್ಕೆ ಒಯ್ದರು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರಿಗೂ ಈ ಬಿಲ್ಲೆಗಳೇ. ನೀರಿಗೆ ಹಾಕಿದರೆ ಎಲೆ, ದಂಟು, ಬೇರು ಎಲ್ಲ ಬಿಚ್ಚಿಕೊಂಡು ತೇಲುತ್ತಿದ್ದವಂತೆ. ‘ಒಣಗಿಸಿದ’ ಎಂಬ ಅರ್ಥದ ಇಂಗ್ಲಿಷ್ ಪದವನ್ನು ತಿರುಚಿ ಸೈನಿಕರು ಅದನ್ನು ‘ಅಪವಿತ್ರಗೊಳಿಸಿದ ತರಕಾರಿ’ ಎಂದು ಗೇಲಿ ಮಾಡಿದರು. ರುಚಿಯ ದೃಷ್ಟಿಯಿಂದ ಇದು ಬಾಬರನ ಸುಬ್ಹಾನಿಯಿಂದ ಬಹಳ ದೂರ.

ಯಂತ್ರ ಮತ್ತು ಮನೆ ಮೊದಲು ಹತ್ತಿರ ಬಂದದ್ದೂ ಯುದ್ಧದಿಂದಲೇ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಅಲ್ಲಿನ ಕೃಷಿ ಇಲಾಖೆ ಮನೆಯಲ್ಲಿ ಹಣ್ಣು ತರಕಾರಿ ಒಣಗಿಸುವ ಬಗ್ಗೆ ಗೃಹಿಣಿಯರಿಗೆ ಒಂದು ಕಿರುಹೊತ್ತಿಗೆ ಹೊರತಂದಿತು. ಡಬ್ಬಿಯ ತಗಡು, ಗಾಜುಗಳು ಯುದ್ಧಕ್ಕೆ ಬೇಕಾಗಿದ್ದವು. ಒಣಗಿಸಲು ಅವೆರಡೂ ಬೇಡ. ಬಿಸಿಲು, ಒಲೆಯ ಶಾಖ, ಮತ್ತು ವಿದ್ಯುತ್ ಫ್ಯಾನಿನ ಗಾಳಿ ಹೀಗೆ ಮೂರು ದಾರಿಗಳನ್ನು ಅದು ಹೇಳಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮನೆಗಳಿಗೆ ಅಮೆರಿಕದ ಮೊಟ್ಟೆಪುಡಿ ಬಂದಿತು. ಯುದ್ಧ ಮುಗಿದ ಮೇಲೆ ಬಹಳಷ್ಟು ಜನ ಒಣ ಆಹಾರದ ಮುಖ ನೋಡಲೂ ಬಯಸಲಿಲ್ಲ.

ಸ್ವತಂತ್ರ ಭಾರತದಲ್ಲಿ ಈ ವಿದ್ಯೆಗೆ ಪ್ರಯೋಗಾಲಯ ಸಿಕ್ಕಿದ್ದು ಕನ್ನಡದ ನೆಲದಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. 1961ರಲ್ಲಿ ಅದೇ ಊರಿನಲ್ಲಿ ರಕ್ಷಣಾ ಇಲಾಖೆಯ ಆಹಾರ ಸಂಶೋಧನಾಲಯ. ರಾಜಕುಮಾರಿಯ ಅರಮನೆಯ ಅಂಗಳದಲ್ಲಿ ವಿಜ್ಞಾನಿಗಳು ಸಂಡಿಗೆಯ ಪ್ರಶ್ನೆಗಳನ್ನೇ ಹೊಸ ಭಾಷೆಯಲ್ಲಿ ಕೇಳಿದರು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಜೊತೆಗೆ ಒಯ್ದ ಸೂಜಿ ಹಲ್ವಾ, ಆಲೂ ಛೋಲೆ, ತರಕಾರಿ ಪಲಾವ್ ಮೈಸೂರಿನ ಈ ರಕ್ಷಣಾ ಸಂಶೋಧನಾಲಯದವು.

ಮನೆಬಳಕೆಯ ಪೆಟ್ಟಿಗೆ ಹುಟ್ಟಿದ್ದು ಮಾತ್ರ 1970ರ ದಶಕದ ಅಮೆರಿಕದಲ್ಲಿ. ನಗರ ಬಿಟ್ಟು ಹಳ್ಳಿಗೆ ಹೋಗೋಣ, ನಮ್ಮ ಅನ್ನ ನಾವೇ ಬೆಳೆಯೋಣ ಎಂದು ಯುವಜನರ ಒಂದು ವರ್ಗ ಹೊರಟ ಕಾಲ ಅದು. 1973ರಲ್ಲಿ ವಾಷಿಂಗ್ಟನ್ ರಾಜ್ಯದ ಜೆನ್ ಮ್ಯಾಕ್‌ಮ್ಯಾನಿಮನ್ ಎಂಬ ಮಹಿಳೆ ಒಣಗಿಸುವ ವಿಧಾನಗಳ ಬಗ್ಗೆ ಪುಸ್ತಕ ಪ್ರಕಟಿಸಿ, ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಮರದ ಪೆಟ್ಟಿಗೆಯ ನಕ್ಷೆಯನ್ನೂ ಕೊಟ್ಟರು. ಈ ಚರಿತ್ರೆಯಲ್ಲಿ ಹೆಸರಿನೊಂದಿಗೆ ಎದುರಾಗುವ ಹೆಂಗಸರು ಇಷ್ಟು ವಿರಳವಾದ್ದರಿಂದ ಈಕೆಯನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಎಕ್ಸ್‌ಕ್ಯಾಲಿಬರ್ ಕಂಪನಿ ಆರಂಭವಾಯಿತು. 1990ರ ದಶಕದಲ್ಲಿ ರಾನ್ ಪೊಪೀಲ್ ಎಂಬ ಮಾತಿನಮಲ್ಲ ಟಿವಿಯಲ್ಲಿ ಅರ್ಧ ಗಂಟೆಯ ಜಾಹೀರಾತುಗಳಲ್ಲಿ ಇದನ್ನು ಮಾರಿದನು. ಭೋಗದ ವಿರುದ್ಧ ಹುಟ್ಟಿದ ಪೆಟ್ಟಿಗೆ ಇಪ್ಪತ್ತೇ ವರ್ಷದಲ್ಲಿ ಸರಕಾಗಿ ಕುಣಿಯಿತು.

ನಮ್ಮಲ್ಲಿಗೆ ಅದು ಬಂದದ್ದು ಮಾಳಿಗೆಗಳು ಕಳೆದುಹೋದ ಮೇಲೆ. ಅಪಾರ್ಟ್‌ಮೆಂಟಿನ ತಾರಸಿಗೆ ಬೀಗ. ಕೀಲಿ ಸಂಘದ ಕಾರ್ಯದರ್ಶಿಯ ಬಳಿ. ಬಾಲ್ಕನಿಯಲ್ಲಿ ಹಾಕಿದರೆ ಪಾರಿವಾಳ, ರಸ್ತೆಯ ಧೂಳು. ಹೀಗಿರುವಾಗ ಪೆಟ್ಟಿಗೆಯನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಅದು ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತದೆ. ಹಣ್ಣು ತರಕಾರಿಗೆ 55ರಿಂದ 60 ಡಿಗ್ರಿ ಸೆಲ್ಸಿಯಸ್, ಸೊಪ್ಪಿಗೆ 35-40 ಸಾಕು. ಬೇಗ ಆಗಲೆಂದು ಶಾಖ ಏರಿಸಿದರೆ ಹೊರಸಿಪ್ಪೆ ಗಟ್ಟಿಯಾಗಿ ಒಳಗಿನ ನೀರು ಸೆರೆಯಾಗುತ್ತದೆ, ವಾರದಲ್ಲಿ ಬೂಷ್ಟು. ತರಕಾರಿಯನ್ನು ಮೊದಲು ಒಂದೆರಡು ನಿಮಿಷ ಕುದಿನೀರಿನಲ್ಲಿ ಅದ್ದಿದರೆ ಬಣ್ಣ, ರುಚಿ ಉಳಿಯುತ್ತವೆ. ಸೇಬಿಗೆ ನಿಂಬೆರಸ. ಅಂಗಡಿಯ ಖುಬಾನಿಯ ಹೊಳಪು ಗಂಧಕದ ಹೊಗೆಯದು. ಆಸ್ತಮಾ ಇರುವ ಕೆಲವರಿಗೆ ಅದು ಆಗಿಬರುವುದಿಲ್ಲ, ಮನೆಯಲ್ಲಿ ಒಣಗಿಸಿದ್ದು ಕಂದಾದರೂ ಚಿಂತೆಯಿಲ್ಲ. ಒಣಗಿದ ಹಣ್ಣನ್ನು ಗಾಜಿನ ಭರಣಿಯಲ್ಲಿ ತುಂಬಿ ವಾರವಿಡೀ ದಿನಕ್ಕೊಮ್ಮೆ ಕುಲುಕಬೇಕು. ಗಾಜಿಗೆ ಹನಿ ಕಟ್ಟಿದರೆ ಮತ್ತೆ ಯಂತ್ರಕ್ಕೆ. ಬಕ್ರೀದಿನ ಮಾಂಸವನ್ನು ಇದರಲ್ಲಿ ಒಣಗಿಸುವವರಿಗೆ ಒಂದು ಎಚ್ಚರಿಕೆ: 60 ಡಿಗ್ರಿ ರೋಗಾಣುಗಳನ್ನು ಕೊಲ್ಲಲು ಸಾಲದು, ಮಾಂಸದ ಒಳಗಿನ ಶಾಖ ಮೊದಲು 71 ಡಿಗ್ರಿ ತಲುಪುವಂತೆ ಬೇಯಿಸಿಯೇ ಒಳಗಿಡಬೇಕು.

ಲೆಕ್ಕವನ್ನೂ ನೋಡೋಣ. 500 ವಾಟ್‌ನ ಪೆಟ್ಟಿಗೆ ಎಂಟು ಗಂಟೆ ಪೂರ್ತಿ ಉರಿದರೆ ನಾಲ್ಕು ಯೂನಿಟ್ ವಿದ್ಯುತ್. ಒಂದು ಕಿಲೋ ಟೊಮ್ಯಾಟೊ ಒಣಗಿ ಉಳಿಯುವುದು 60-70 ಗ್ರಾಂ. ಟೊಮ್ಯಾಟೊ ದುಬಾರಿಯಾದ ತಿಂಗಳು ಇದು ನಷ್ಟದ ಬಾಬತ್ತು, ಅಗ್ಗವಾದ ವಾರ ಲಾಭದ್ದು. ಕೋಲಾರದ ರೈತ ಬೆಲೆ ಕುಸಿದು ಟೊಮ್ಯಾಟೊವನ್ನು ರಸ್ತೆಗೆ ಸುರಿಯುವ ಚಿತ್ರ ಪತ್ರಿಕೆಯಲ್ಲಿ ಬಂದಾಗಲೆಲ್ಲ, ನಗರದ ಮೇಜಿನ ಮೇಲಿನ ಈ ಪುಟ್ಟ ಯಂತ್ರ ಅವನ ಹೊಲದ ಬದಿಯಲ್ಲಿ ದೊಡ್ಡದಾಗಿ, ಸೌರಶಕ್ತಿಯಲ್ಲಿ ನಡೆಯುವಂತಾಗಿ ಏಕಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಅಲ್ಲಲ್ಲಿ ಪ್ರಯತ್ನಗಳಿವೆ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೆಂಗಸರ ಕೈಗೆ ಸೌರ ಒಣಗುಪೆಟ್ಟಿಗೆ ಕೊಟ್ಟು ಅವರಿಂದಲೇ ಒಣ ತರಕಾರಿ ಕೊಳ್ಳುವ ಎಸ್‌ಫೋರ್‌ಎಸ್ ಎಂಬ ಸಂಸ್ಥೆಗೆ 2023ರಲ್ಲಿ ಅರ್ಥ್‌ಶಾಟ್ ಪ್ರಶಸ್ತಿ ಬಂದಿತು. ನಮ್ಮ ಕೋಲಾರ, ವಿಜಯಪುರಗಳಿಗೆ ಇಂಥದು ಎಷ್ಟು ಬಂದರೂ ಬೇಕು. ಏಪ್ರಿಲ್‌ನ ಒಂದು ಅಕಾಲಿಕ ಮಳೆ ಶೆಡ್ಡಿನೊಳಗೆ ನುಗ್ಗಿದರೆ ಬೇದಾಣೆಯ ಇಡೀ ವರ್ಷದ ಬಾಳು ಕಪ್ಪಾಗುತ್ತದೆ.

ಪೆಟ್ಟಿಗೆಯ ಜೊತೆ ಬರುವ ಪುಸ್ತಿಕೆಯಲ್ಲಿ ಸೇಬು, ಸ್ಟ್ರಾಬೆರಿ, ಬ್ಲೂಬೆರಿಗಳಿಗೆ ಗಂಟೆ ಬರೆದಿರುತ್ತದೆ. ಬೋರೆ, ನೆಲ್ಲಿ, ಕವಳಿ ಅದರಲ್ಲಿ ಇಲ್ಲ. ತೊಂಡೆ, ಹಾಗಲ, ಸೋರೆಯೂ ಇಲ್ಲ. ನಮಗೆ ಪರಿಚಯದ ಖಾಲಾ ಒಬ್ಬರು, ಹುಬ್ಬಳ್ಳಿಯ ಮೂರನೆಯ ಮಹಡಿಯ ಮನೆಯವರು, ಇದಕ್ಕೆಂದೇ ಮೊಮ್ಮಗನ ಹಳೆಯ ನೋಟುಬುಕ್ಕೊಂದನ್ನು ಇಟ್ಟಿದ್ದಾರೆ. ತರಕಾರಿಯ ಹೆಸರು ಉರ್ದುವಿನಲ್ಲಿ ಬಲದಿಂದ, ಗಂಟೆ ಮತ್ತು ತಿಂಗಳು ಕನ್ನಡದಲ್ಲಿ ಎಡದಿಂದ. ಬೆಂಡೆ, ಆರು ಗಂಟೆ. ಕರಿಬೇವು, ಮೂರು. ಮಾವು ತೆಳು ಹೋಳು, ಹತ್ತು. ಬೋರೆ, ಇಡೀ ಹಣ್ಣು, ಒಂದು ಹಗಲು ಒಂದು ರಾತ್ರಿ. ಹಾಗಲದ ಎದುರು ಮೊದಲು ಏಳು ಎಂದು ಬರೆದು, ಹೊಡೆದುಹಾಕಿ, ಒಂಬತ್ತು ಎಂದು ಮಾಡಿದ್ದಾರೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ: ಜುಲೈ, ಹೊರಗೆ ಮಳೆ.